ನಾನು ಬೇಡವೆಂದ ಪುಟ್ಟ ಟ್ಯಾಂಕು

ನನ್ನ ಮಾವನವರ ಬಲಗಿವಿ ಪೂರ್ತಿ ಹೋಗಿ ಎಡಗಿವಿ ಅರ್ಧ ಉಳಿದ ವರ್ಷದಿಂದ ಅವರ ರ‍್ಯಾಲಿ ಕಾರು ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ. ಕಿವಿಗೂ ಕಾರಿಗೂ ಏನು ಸಂಬಂಧ ಎಂದು ಕೇಳಬಹುದು. ಆ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರುಗಳು ಎರಡು. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಮಾವನವರು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದನ್ನು ಅವುಗಳ ಬಾಯಿಗೆ ಹಿಡಿದು, ಸದ್ದು ಕೇಳಿಸಿಕೊಳ್ಳುತ್ತ ಸ್ಕ್ರೂ ತಿರುಗಿಸುತ್ತಿದ್ದರು. ವಾರ ಬಿಟ್ಟು ವಾರ ಇದೇ ಕೆಲಸ. ಬೇರೆಯವರ ಕಿವಿಯನ್ನು ಅವರು ನಂಬುತ್ತಿರಲಿಲ್ಲ. ಕಾರು ನಿಂತಿತು. ಅವರೂ ಮನೆಯ ಮುಂದಿನ ಕುರ್ಚಿಯಲ್ಲಿ ಕೂತುಬಿಟ್ಟರು.

ಅವರು ಬಳ್ಳಾರಿ ಕಡೆಯವರು. ಚಿಕ್ಕ ವಯಸ್ಸಿಗೇ ವಿಶಾಖಪಟ್ಟಣಕ್ಕೆ ಬಂದು, ಬಂದರಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ, ತೆಲುಗು ಹೆಣ್ಣನ್ನು ಮದುವೆಯಾಗಿ ಅಲ್ಲಿಯವರೇ ಆದರು. ಹಡಗಿನ ಏಜೆಂಟರೊಬ್ಬರು ರ‍್ಯಾಲಿಯಲ್ಲಿ ಪಲ್ಟಿ ಹೊಡೆಸಿ ಕೈಬಿಟ್ಟ ಕಾರನ್ನು ಗುಜರಿಯಿಂದ ಎತ್ತಿಕೊಂಡು ಬಂದು, ತಾವೇ ರಿಪೇರಿ ಮಾಡಿ, ಅದರಲ್ಲೇ ಮೂರು ರ‍್ಯಾಲಿ ಓಡಿಸಿದ್ದರು.

ನಾನು ದಾವಣಗೆರೆಯವನು. ವಿಶಾಖಪಟ್ಟಣದ ಹೊರಗಿನ ಪರವಾಡದ ಔಷಧ ಕಾರ್ಖಾನೆಗಳಿಗೆ ಕೈಗವಸು, ಗಮ್‌ಬೂಟು ಒದಗಿಸುವುದು ನನ್ನ ವ್ಯಾಪಾರ. ಕೈಯಲ್ಲಿ ಏನೂ ಇಲ್ಲದೆ ಆ ಊರಿಗೆ ಬಂದವನು; ಚೌಕಾಸಿ ಮಾಡದೆ ಕೊತ್ತಂಬರಿ ಕಟ್ಟನ್ನೂ ಕೊಂಡವನಲ್ಲ. ಎರಡು ಸಾವಿರದ ಏಳೆಂಟರ ಹೊತ್ತಿಗೆ ರಸ್ತೆಯ ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಮಾಯವಾಗಿತ್ತು. ಅದರ ಬದಲು ಇಂಜೆಕ್ಟರುಗಳು. ಪಂಪು ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ, ಎಷ್ಟು ಚಿಮ್ಮಿಸಬೇಕೆಂದು ಒಂದು ಕಂಪ್ಯೂಟರ್ ಪೆಟ್ಟಿಗೆ ಲೆಕ್ಕ ಹಾಕುತ್ತದೆ. ಕಿವಿಗೆ ಅಲ್ಲಿ ಕೆಲಸವಿಲ್ಲ. ಇದನ್ನೇ ಮಾವನವರ ಕಾರಿಗೆ ಯಾಕೆ ಕೂರಿಸಬಾರದು ಎಂದುಕೊಂಡೆ.

“ಮಾವಾರೇ, ಕಿವಿ ಬೇಡದ ಎಂಜಿನ್ ಮಾಡಿಸಿಕೊಡ್ತೀನಿ” ಎಂದು ಅವರ ಎಡಗಿವಿಯ ಹತ್ತಿರ ಕೂಗಿ ಹೇಳಿದೆ.

“ನೀವು ಗ್ಲೌಸ್ ಮಾರೋರು ಅಳಿಯಂದ್ರೇ. ನನ್ನ ಎಂಜಿನ್‌ಗೆ ಯಾಕ್ರೀ ಕೈ ಹಾಕ್ತೀರಿ?”

“ಗ್ಲೌಸ್ ಹಾಕ್ಕೊಂಡೇ ಕೈ ಹಾಕ್ತೀನಿ.”

ಅಡುಗೆಮನೆಯಿಂದ ಅತ್ತೆ ತಮ್ಮ ಬೆರಕೆ ಕನ್ನಡದಲ್ಲಿ, “ಒಪ್ಕೊಳ್ಳಂಡಿ. ಆ ಕುರ್ಚಿಗಾದ್ರೂ ರೆಸ್ಟ್ ಸಿಗ್ಲಿ” ಎಂದರು.

ಮಾವನವರು ಒಪ್ಪಿದರು, ಷರತ್ತು ಹಾಕಿಯೇ. ಹಳೆಯ ಭಾಗ ಯಾವುದನ್ನೂ ಕೊಯ್ಯಕೂಡದು, ಎಲ್ಲ ಬಿಚ್ಚಿ ಪೆಟ್ಟಿಗೆಯಲ್ಲಿಡಬೇಕು. “ಆಮೇಲೆ ಸಿಂಹಾಚಲಂ ದೇವಸ್ಥಾನದ ಘಾಟಿ ನಾನೇ ಹತ್ತಿಸ್ತೀನಿ. ದಾರೀಲಿ ತಾನಾಗೇ ಒಂದ್ಸಲ ನಿಂತರೂ ಹಳೇದೆಲ್ಲ ಜೋಡಿಸಿ ಶೆಡ್ಡಿಗೆ ಬಿಡ್ಬೇಕು. ಅಲ್ಲಿಗೆ ಮುಗೀತು. ನಾನು ಸ್ಟೇರಿಂಗ್ ಹಿಡಿಯಲ್ಲ, ನೀವು ಬಾನೆಟ್ ಎತ್ತೋ ಹಂಗಿಲ್ಲ.”

ಮಾತು ಕಾರಿನದಾದರೂ ಅವರು ಪಣಕ್ಕಿಟ್ಟದ್ದು ತಮ್ಮ ಓಡಾಟವನ್ನು. ಬೇರೆ ಕಾರನ್ನು ಅವರು ಮುಟ್ಟುವವರಲ್ಲ. ಇದು ಶೆಡ್ಡಿಗೆ ಹೋದರೆ ಮತ್ತೆ ಯಾವುದನ್ನೂ ಓಡಿಸುವುದಿಲ್ಲ ಎಂದು ನನಗೂ ಅತ್ತೆಗೂ ಗೊತ್ತಿತ್ತು.

ಕೆಲಸಕ್ಕೆ ನಾನು ಆರಿಸಿಕೊಂಡದ್ದು ಗ್ಯಾರೇಜು, ಗುಜರಿ ಅಂಗಡಿಗಳೇ ತುಂಬಿದ ವಿಜಯವಾಡದ ಆಟೋನಗರ್. ಖಾಲಿ ಹಿಂದಿರುಗುವ ಲಾರಿಯೊಂದನ್ನು ಹಿಡಿದು ಕಾರು ಸಾಗಿಸಿದೆ. ನೀವೂ ಹಾಗೇ ಮಾಡಿ. ಹೇಗೂ ವಾಪಸು ಹೋಗಲೇಬೇಕಾದ ಲಾರಿಯವನು ಹೆಚ್ಚು ಜಗ್ಗಾಡುವುದಿಲ್ಲ. ಆಟೋನಗರದಲ್ಲಿ ಹಿಂಬದಿ ಜಜ್ಜಿಹೋದ ಕಾರೊಂದರಿಂದ ಇಂಜೆಕ್ಟರು, ಪಂಪು, ಕಂಪ್ಯೂಟರ್ ಪೆಟ್ಟಿಗೆ ಸಿಕ್ಕವು. ಗುಜರಿಯವನು ವೈರುಗಳನ್ನು ಕತ್ತರಿಯಿಂದ ಕತ್ತರಿಸಲು ಹೊರಟಿದ್ದ. ತಡೆದು, ಒಂದೊಂದು ಕನೆಕ್ಟರನ್ನೂ ಬಿಚ್ಚಿಸಿಕೊಂಡು ಇಡೀ ಜಡೆಯನ್ನೇ ತಂದೆ. ಪೆಟ್ಟಿಗೆ ಸಿಕ್ಕರೆ ಸಾಕೆಂದು ಎಂದೂ ಬರಬೇಡಿ. ಕತ್ತರಿಸಿದ ವೈರುಗಳಲ್ಲಿ ಯಾವುದಕ್ಕೆ ಯಾವುದು ಎಂದು ಹುಡುಕುವಷ್ಟರಲ್ಲಿ ಕೂದಲು ಬೆಳ್ಳಗಾಗುತ್ತದೆ.

ಕೆಲಸ ಒಪ್ಪಿಸಿದ್ದು ಅಲ್ಲಿನ ಒಬ್ಬ ಲೇತ್ ಮೇಸ್ತ್ರಿಗೆ; ಐವತ್ತು ದಾಟಿದ, ಮಿತಭಾಷಿ ಮನುಷ್ಯ. ಎಂಜಿನ್ನಿಗೆ ಗಾಳಿ ಹೋಗುವ ನಾಲ್ಕು ಕವಲಿನ ಕೊಳವೆಗೆ ಮರದ ಅಚ್ಚು ಮಾಡಿ, ಪಕ್ಕದ ಗಲ್ಲಿಯಲ್ಲಿ ಅಲ್ಯೂಮಿನಿಯಂ ಎರಕ ಹೊಯ್ಯಿಸಿದರು. ಆಮೇಲೆ ಒಳಮೈಯನ್ನು ಎರಡು ದಿನ ಉಜ್ಜಿದರು. ಕಣ್ಣಿಂದ ನೋಡುತ್ತಿರಲಿಲ್ಲ, ಬೆರಳು ತೂರಿಸಿ ಸವರುತ್ತಿದ್ದರು. “ನೀವೂ ಹಾಕಿ ನೋಡಿ ಸಾರ್. ಬೆರಳು ಎಲ್ಲಿ ತಡೀತದೋ ಗಾಳೀನೂ ಅಲ್ಲೇ ತಡೀತದೆ.” ಅವರು ಹೇಳಿದ್ದು ತೆಲುಗಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎಲ್ಲ ಕೂರಿಸಿ ಎಂಜಿನ್ ಶುರುವಾದ ದಿನ ಮೇಸ್ತ್ರಿ ಡಿಕ್ಕಿಯ ಹತ್ತಿರ ನಿಂತು ಹೊಸ ಮಾತು ತೆಗೆದರು. “ಟ್ಯಾಂಕಿಗೂ ಪಂಪಿಗೂ ನಡುವೆ ಇನ್ನೊಂದು ಪುಟ್ಟ ಟ್ಯಾಂಕ್ ಬೇಕು ಸಾರ್. ಎರಡು ಚೊಂಬು ಹಿಡಿದರೆ ಸಾಕು. ಹಳೇ ಪಂಪು ಅದನ್ನ ತುಂಬಿಸ್ತಿರುತ್ತೆ, ಹೊಸದು ಅದರಿಂದ ಎಳೆಯುತ್ತೆ.”

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ನಿಮ್ಮ ಟ್ಯಾಂಕಿನ ಒಳಗೆ ಇವತ್ತು ನೋಡಿದೆ. ಒಳಗೆ ಅಡ್ಡ ತಗಡೇ ಇಲ್ಲ, ಬರೀ ಡಬ್ಬಾ.”

“ಕೆಲಸ ಮುಗಿಯೋ ಹೊತ್ತಿಗೆ ಎಲ್ಲರಿಗೂ ಇನ್ನೊಂದು ಕೆಲಸ ನೆನಪಾಗುತ್ತೆ ಮೇಸ್ತ್ರಿಗಾರು. ನಾನೂ ವ್ಯಾಪಾರಿನೇ.”

ಅವರು ಕೈ ಒರೆಸಿಕೊಂಡು, “ಸರೇ ಸಾರ್, ಮೀ ಇಷ್ಟಂ” ಎಂದು ಒಳಗೆ ಹೋದರು. ಗೆದ್ದೆ ಅಂದುಕೊಂಡೆ.

ವಿಜಯವಾಡದಿಂದ ವಿಶಾಖಪಟ್ಟಣದವರೆಗೆ ಹೆದ್ದಾರಿಯಲ್ಲಿ ನಾನೇ ಓಡಿಸಿಕೊಂಡು ಬಂದೆ. ಎಲ್ಲೂ ಒಂದು ಸಲವೂ ತಡವರಿಸಲಿಲ್ಲ. ಟ್ಯಾಂಕು ಮುಕ್ಕಾಲಿಗಿಂತ ಕೆಳಗಿಳಿಯಲು ಬಿಟ್ಟಿರಲಿಲ್ಲ, ದಾರಿಯೂ ನೆಟ್ಟಗಿತ್ತು. ಆ ಎರಡು ಸಂಗತಿ ನನ್ನ ಲೆಕ್ಕಕ್ಕೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮಾವನವರು ಸ್ಟೇರಿಂಗ್ ಹಿಡಿದರು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿಕೊಂಡಿತು. ಅವರಿಗೆ ಅದು ಕೇಳಿಸಲಿಲ್ಲ. ಗೇರಿನ ಗುಂಡಿಯ ಮೇಲೆ ಅಂಗೈ ಇಟ್ಟು, ನಡುಕ ಹಿಡಿದು, ನನ್ನ ಕಡೆ ತಿರುಗಿ ಹುಬ್ಬೇರಿಸಿದರು. ಘಾಟಿಯ ಮೊದಲ ತಿರುವುಗಳನ್ನು ಅವರು ತೆಗೆದುಕೊಂಡ ರೀತಿ ನೋಡಿ ನಾನು ಬಾಗಿಲಿನ ಹಿಡಿಕೆ ಹಿಡಿದುಕೊಂಡೆ. ಮೂರನೆಯದು ಎಡಕ್ಕೆ ಉದ್ದಕ್ಕೆ ಬಾಗುವ ಏರುತಿರುವು. ಅದರ ಅರ್ಧಕ್ಕೆ ಬಂದಾಗ ಎಂಜಿನ್ ಎರಡು ಸಲ ಮುಗ್ಗರಿಸಿ ಆರಿಹೋಯಿತು. ಹಿಂದೆ ದೇವಸ್ಥಾನದ ಬಸ್ಸು ಹಾರ್ನ್ ಹೊಡೆಯತೊಡಗಿತು. ಮಾವನವರು ಕೈ ಹೊರಗೆ ಹಾಕಿ ಅದನ್ನು ಮುಂದೆ ಬಿಟ್ಟು, ಕಾರನ್ನು ನಿಧಾನ ಹಿಂದಕ್ಕೆ ಜಾರಿಸಿ ನೆಟ್ಟಗೆ ನಿಲ್ಲಿಸಿದರು. ಕೀಲಿ ತಿರುಗಿಸಿದರೆ ಮತ್ತೆ ಶುರುವಾಯಿತು.

“ನಿಂತಿತು” ಎಂದರು.

“ಇದು ನಿಂತಿದ್ದಲ್ಲ ಮಾವಾರೇ, ಕೆಮ್ಮಿದ್ದು.”

“ಕೆಮ್ಮಿ ನಿಂತಿತು. ನನ್ನ ಹತ್ರಾನೂ ಚೌಕಾಸಿ ಮಾಡ್ತೀರಾ?”

ಆಮೇಲೆ ಅವರು ಡ್ಯಾಶ್‌ಬೋರ್ಡಿನ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸಿದರು. ಟ್ಯಾಂಕು ಅರ್ಧ ಖಾಲಿ. ಪೆಟ್ರೋಲ್ ಎಳೆಯುವ ಪೈಪು ಇರುವುದು ಟ್ಯಾಂಕಿನ ಎಡಮೂಲೆಯಲ್ಲಿ. ಕಾರು ಎಡಕ್ಕೆ ತಿರುಗಿದರೆ, ತಡೆಯಲು ಒಳಗೆ ಅಡ್ಡ ತಗಡಿಲ್ಲದೆ ಪೆಟ್ರೋಲೆಲ್ಲ ಬಲಕ್ಕೆ ಓಡುತ್ತದೆ, ಪಂಪು ಗಾಳಿ ಕುಡಿಯುತ್ತದೆ. ಕಾರ್ಬುರೇಟರಿನ ಬಟ್ಟಲಲ್ಲಿ ತಿರುವು ಮುಗಿಯುವವರೆಗೆ ಸಾಲುವಷ್ಟು ಪೆಟ್ರೋಲ್ ಇರುತ್ತಿತ್ತು. ಇಂಜೆಕ್ಟರಿಗೆ ಅಂಥ ಕೂಡಿಟ್ಟ ಗಂಟು ಇಲ್ಲ. ಪಂಪು ಗಾಳಿ ಕುಡಿದ ಗಳಿಗೆಯೇ ಒತ್ತಡ ಬಿದ್ದು ಎಂಜಿನ್ ಆರುತ್ತದೆ.

“ಮೇಸ್ತ್ರಿಗೆ ಇದು ಗೊತ್ತಾಗ್ಲಿಲ್ವಾ?” ಎಂದು ಕೇಳಿದರು.

ಮೇಸ್ತ್ರಿಯ ಮೇಲೆ ಹಾಕಿ ಪಾರಾಗಬಹುದಿತ್ತು. ವಿಜಯವಾಡ ದೂರ, ವಿಚಾರಿಸುವವರಿಲ್ಲ. ಆದರೆ ಬೆರಳಿಂದ ಗಾಳಿಯ ದಾರಿ ಸವರಿದ ಆ ಮನುಷ್ಯನನ್ನು ದಡ್ಡನನ್ನಾಗಿಸಲು ಬಾಯಿ ಬರಲಿಲ್ಲ. “ಗೊತ್ತಾಗಿತ್ತು. ಪುಟ್ಟ ಟ್ಯಾಂಕ್ ಬೇಕು ಅಂದ್ರು. ಕೆಲಸ ಬೆಳೆಸ್ತಿದಾರೆ ಅಂತ ನಾನೇ ಬೇಡ ಅಂದೆ.”

ಮಾವನವರು ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. “ಹಂಗಾದ್ರೆ ಕೆಲಸ ಇನ್ನೂ ಮುಗಿದಿಲ್ಲ. ಮುಗಿಯೋ ಮುಂಚೆ ಘಾಟಿ ಹತ್ತಿಸಿದ್ದು ನಂದೂ ತಪ್ಪು. ಇನ್ನೊಂದೇ ಸಲ. ಹೋಗಿ ಅದನ್ನ ಮಾಡಿಸ್ಕೊಂಡು ಬನ್ನಿ. ಬಾಯಿ ಮುಚ್ಕೊಂಡು.”

ಅಳತೆ ಬರೆದುಕೊಂಡು ವಿಜಯವಾಡದ ರೈಲು ಹತ್ತಿದೆ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮೇಸ್ತ್ರಿ ನನ್ನ ಮುಖ ನೋಡಿ, “ಎಡ ತಿರುವಾ, ಬಲ ತಿರುವಾ?” ಎಂದರು.

“ಎಡ.”

“ಕೂತ್ಕೊಳ್ಳಿ. ಬೇರಾಲು ವದ್ದು.” ಚೌಕಾಸಿ ಬೇಡವೆಂದು ಅವರು ಹೇಳಬೇಕಾಗಿಯೇ ಇರಲಿಲ್ಲ.

ಸ್ಟೂಲಿನ ಮೇಲೆ ಸುಮ್ಮನೆ ಕೂತೆ. ಮೇಸ್ತ್ರಿ ತಗಡು ಬಾಗಿಸಿ, ಬೆಸೆದು, ನಾಲ್ಕು ನಳಿಗೆ ಕೂರಿಸಿ, ಗಾಳಿ ತುಂಬಿ ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಒಂದೂ ಗುಳ್ಳೆ ಏಳದ್ದನ್ನು ನನಗೂ ತೋರಿಸಿದರು. ಮೊದಲ ಕೆಲಸಕ್ಕೆ ಹೇಳಿದ್ದ ಕೂಲಿ ದರವನ್ನೇ ಇದಕ್ಕೂ ತೆಗೆದುಕೊಂಡರು. ಹೆಚ್ಚು ಕೇಳಬಹುದಿತ್ತು, ನಾನಾಗಿದ್ದರೆ ಕೇಳುತ್ತಿದ್ದೆ. ಓದುವವರಿಗೆ ನನ್ನ ಸಲಹೆ ಇಷ್ಟು: ಕೆಲಸಗಾರ ಹೊಸ ಕೆಲಸ ಹೇಳಿದರೆ ಎಷ್ಟಾಗುತ್ತದೆ ಎನ್ನುವ ಮೊದಲು ಯಾಕೆ ಬೇಕು ಎಂದು ಕೇಳಿ. ಉತ್ತರ ಪೂರ್ತಿ ಮುಗಿಯುವವರೆಗೆ ಬಾಯಿ ತೆರೆಯಬೇಡಿ. ಇನ್ನೊಂದು, ಇಂಜೆಕ್ಷನ್ನಿಗೆ ಹಳೆಯ ಕಾರ್ಬುರೇಟರ್ ಪೈಪು ಬಳಸಬೇಡಿ. ಆ ಒತ್ತಡಕ್ಕೆ ಒಡೆದು ಬೆಂಕಿ ಹತ್ತೀತು.

ಟ್ಯಾಂಕನ್ನು ಡಿಕ್ಕಿಯಲ್ಲಿ ಕೂರಿಸಿದವರು ಮಾವನವರೇ. ನನ್ನನ್ನು ಸ್ಪ್ಯಾನರ್ ಕೊಡಲಿಕ್ಕೆ ಮಾತ್ರ ಇಟ್ಟುಕೊಂಡರು. ಮರುದಿನ ಪೆಟ್ರೋಲನ್ನು ಬೇಕೆಂದೇ ಕಾಲು ಟ್ಯಾಂಕಿಗಿಳಿಸಿ ಸಿಂಹಾಚಲದ ಬುಡಕ್ಕೆ ಹೋದೆವು. ಅಲ್ಲಿ ಅವರು ಕಾರು ನಿಲ್ಲಿಸಿ, “ಇಳೀರಿ” ಎಂದರು.

“ಯಾಕೆ ಮಾವಾರೇ?”

“ಪಕ್ಕದಲ್ಲಿ ಕೂತ್ರೆ ಪ್ರತಿ ತಿರುವಿಗೂ ಸಲಹೆ ಕೊಡ್ತೀರಿ. ಬಸ್ಸಲ್ಲಿ ಬನ್ನಿ.”

ಹೋಗಿಯೇಬಿಟ್ಟರು. ನಾನು ಬಸ್ಸು ಹತ್ತಿ, ಕಿಟಕಿ ಪಕ್ಕ ನಿಂತು, ಪ್ರತಿ ಎಡತಿರುವಿನಲ್ಲೂ ರಸ್ತೆಯಂಚು ನೋಡುತ್ತ ಬಂದೆ. ಮೊನ್ನೆ ನಮ್ಮ ಕಾರು ನಿಂತಿದ್ದ ಮೂರನೆಯ ತಿರುವಿನಲ್ಲಿ ಒಂದು ಆಟೋ ಪಂಕ್ಚರ್ ಆಗಿ ನಿಂತಿತ್ತು. ಬೇರೇನೂ ಇರಲಿಲ್ಲ.

ಬೆಟ್ಟದ ಮೇಲೆ ಕಾರು ಇಳಿಜಾರಿನ ಕಡೆ ಮುಖ ಮಾಡಿ ನಿಂತಿತ್ತು. ಮಾವನವರು ಬೇವಿನ ನೆರಳಲ್ಲಿ ಎಳನೀರು ಕುಡಿಯುತ್ತ, ಕಾಯಿ ಮಾರುವವಳಿಗೆ ಇಂಜೆಕ್ಟರ್ ಎಂದರೇನೆಂದು ಜೋರು ದನಿಯಲ್ಲಿ ವಿವರಿಸುತ್ತಿದ್ದರು. ನನ್ನನ್ನು ಕಂಡು ಬುರುಡೆ ಕೆಳಗಿಟ್ಟರು.

“ಬಸ್ಸು ಲೇಟಾ?”

“ನಿಲ್ಲಲಿಲ್ವಾ ಎಲ್ಲೂ?”

“ಕೂತ್ಕೊಳ್ಳಿ” ಎಂದು ಬಾಗಿಲು ತೆಗೆದರು. “ಕಡಲಂಚಲ್ಲಿ ಋಷಿಕೊಂಡ ದಾಟಿ ಹೋಗೋಣ, ಆ ಕಡೆ ರಸ್ತೆ ನೋಡಿ ಬಹಳ ದಿನ ಆಯ್ತು. ನಿಮ್ಮತ್ತೆಗೆ ಫೋನ್ ಮಾಡಿ, ಊಟಕ್ಕೆ ಕಾಯಬೇಡ ಅನ್ನಿ.”