ನಮ್ಮ ಬೆನ್ನ ಹಿಂದೆ ಸುರಿದ ನೀರು

ಯಲಬುರ್ಗಾ ಬಸ್ಸು ನಮ್ಮನ್ನು ಊರ ಅಗಸಿ ಬಾಗಿಲ ಮುಂದೆ ಇಳಿಸಿದಾಗ ಮಧ್ಯಾಹ್ನ. ಪಂಚಾಯ್ತಿ ಕಚೇರಿಯಿರುವ ಪಕ್ಕದ ಊರಿಗೆ ಹೋಗಿ ಅವ್ವ ನಾಮಪತ್ರ ಕೊಟ್ಟು ಬಂದಿದ್ದಳು. ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳಿಗೆ ಮೀಸಲಾದ ಸ್ಥಾನ ಅದು. ಆದರೂ ಯಾರು ನಿಲ್ಲಬೇಕೆಂದು ಹಿರಿಯರು ಗುಡಿಯ ಕಟ್ಟೆಯ ಮೇಲೆ ಮೊದಲೇ ತೀರ್ಮಾನಿಸಿದ್ದರು: ಗೌಡರ ಹೊಲದಲ್ಲಿ ದುಡಿಯುವ, ಎದುರಾಡದ, ನಮ್ಮದೇ ಓಣಿಯ ಒಬ್ಬಾಕೆ. ಆ ಕಟ್ಟೆಯನ್ನು ನಾವು ಹತ್ತುವಂತಿಲ್ಲ. ಅವ್ವನನ್ನು ಯಾರೂ ಕೇಳಿರಲಿಲ್ಲ. ಅವ್ವನೂ ಯಾರನ್ನೂ ಕೇಳಲಿಲ್ಲ.

ನಮ್ಮ ಓಣಿ ಊರಿನ ಆಚೆ ತುದಿಗೆ. ಅಗಸಿ ದಾಟಿದ ಕೂಡಲೇ ಹಿಟ್ಟಿನ ಗಿರಣಿ ನಿಂತಿತು. ಕರೆಂಟು ಹೋಯಿತೆಂದುಕೊಂಡೆ. ಪಕ್ಕದ ಚಹಾದಂಗಡಿಯ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಮುಂದಿನ ಅಂಗಡಿಯವನು ನಮ್ಮನ್ನು ಕಂಡು ಬಾಗಿಲನ್ನು ಅರ್ಧ ಎಳೆದ. ಆಮೇಲೆ ಇನ್ನೊಬ್ಬ. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಹಿಂದೆ ನೀರು ಚೆಲ್ಲಿದ ಸದ್ದಾಯಿತು. ತಿರುಗಿ ನೋಡಿದರೆ, ನಾವು ದಾಟಿ ಬಂದ ಮನೆಯ ಮುಂದೆ ಹೆಂಗಸೊಬ್ಬಳು ಕೊಡ ಬಗ್ಗಿಸುತ್ತಿದ್ದಳು.

ನಮ್ಮೂರಲ್ಲಿ ಹೆಣ ಹೋಗುವಾಗ ಹೀಗೆ ಮಾಡುತ್ತಾರೆ. ಗಿರಣಿ ನಿಲ್ಲಿಸಿ, ಬಾಗಿಲು ಅರ್ಧ ಮುಚ್ಚಿ, ಹೆಣ ದಾಟಿದ ಮೇಲೆ ನೀರು ಹಾಕುತ್ತಾರೆ. ನಾಮಪತ್ರದ ಸುದ್ದಿ ನಮಗಿಂತ ಮೊದಲೇ ಊರು ತಲುಪಿತ್ತು.

"ಅವ್ವಾ, ಲಗೂ ನಡಿ."

"ಹೆಣ ಹೊತ್ತವ್ರು ಲಗೂ ನಡೀತಾರ. ನಾ ನನ್ನ ಕಾಲ ಮ್ಯಾಲೆ ಹೊಂಟೀನಿ."

ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಓದಿದವಳು. ಮೀಸಲಾತಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಆ ಹಾದಿಯಲ್ಲಿ ಅದರ ಒಂದು ಸಾಲೂ ನೆನಪಾಗಲಿಲ್ಲ; ಅವ್ವನ ಹೆಜ್ಜೆಗೆ ಹೆಜ್ಜೆ ಹಾಕಿದೆ.

ಸಂಜೆ ಗೌಡರು ನಮ್ಮ ಓಣಿಯ ಬಾಯಿಗೆ ಬಂದು ನಿಂತರು. ದನಿ ಮೆತ್ತಗಿತ್ತು. "ನಾಳೆ ವಾಪಸ್ ತಗೊಂಡ್ಬಿಡಬೇ. ಊರು ಅಂದಮ್ಯಾಲೆ ನಾಕು ಮಂದಿ ಬೇಕಾಗ್ತಾರ, ಹೊರಾಕರ."

"ನಮ್ಮೋಣ್ಯಾಗಿನ ಹೆಣ ಹೊರಾಕ ನೀವು ಯಾವಾಗ ಬಂದೀರ್ರಿ, ಗೌಡ್ರ?"

ಅವ್ವ ವಾಪಸ್ ತೆಗೆದುಕೊಳ್ಳಲಿಲ್ಲ. ಪ್ರಚಾರಕ್ಕೆ ಹೋದಾಗಲೂ ಗಿರಣಿ ನಿಂತಿತು. ಅವಳು ಅದರ ಬಾಗಿಲಲ್ಲೇ ಕೈಮುಗಿದು, "ಸತ್ತಾಕಿ ವೋಟು ಕೇಳಾಕ ಬಂದೀನ್ರಿ," ಎಂದಳು. ಒಳಗೆ ಯಾರೋ ಕಿಸಕ್ಕನೆ ನಕ್ಕು ತಟ್ಟನೆ ಬಾಯಿ ಮುಚ್ಚಿಕೊಂಡರು.

ಅವ್ವ ಸೋತಳು. ನಮ್ಮ ಓಣಿಯವರೂ ಹೆದರಿದ್ದರು. ಗೆದ್ದಾಕೆ ಇಂದಿಗೂ ಗೌಡರ ಹೊಲದಲ್ಲಿ ಕಳೆ ಕೀಳುತ್ತಾಳೆ. ಪಂಚಾಯ್ತಿಯ ಕಾಗದಗಳು ಸಹಿಗೆ ಬದುವಿಗೇ ಬರುತ್ತವೆ.

ನಾನೀಗ ಕೊಪ್ಪಳದಲ್ಲಿದ್ದೇನೆ. ಬಾಡಿಗೆ ಮನೆಯ ಕೆಳಗೊಂದು ಗಿರಣಿಯಿದೆ. ಅದು ನಿಂತಾಗಲೆಲ್ಲ ಅವ್ವನಿಗೆ ಫೋನು ಹಚ್ಚುತ್ತೇನೆ. "ಅದೀನಿ," ಎನ್ನುತ್ತಾಳೆ, ನಾನು ಬಾಯಿ ತೆರೆಯುವ ಮೊದಲೇ. "ಮುಂದಿನ ಸಲಾನೂ ನಿಂದ್ರಾಕಿ ಅದೀನಿ."

ಆ ಕಡೆಯಿಂದ ಊರ ಗಿರಣಿಯ ಸದ್ದು ಕೇಳಿಸುವವರೆಗೂ ನಾನು ಫೋನು ಇಡುವುದಿಲ್ಲ.