ಕ್ಲಚ್ ಒತ್ತಿದರೆ ನಿಲ್ಲುವ ಸದ್ದು

ನನ್ನ ಕಾರಿನ ಗೇರ್‌ಬಾಕ್ಸಿನಲ್ಲಿ ಸದ್ದು ಬರುತ್ತಿದೆ ಎಂದು ಮೊದಲು ಹೇಳಿದವಳು ನನ್ನ ಹೆಂಡತಿ. ಮೂವತ್ತೆರಡು ವರ್ಷ ಖಾಸಗಿ ಬಸ್ಸು ಓಡಿಸಿದವನಿಗೆ, ಸೈಕಲ್ಲು ತುಳಿಯಲೂ ಬಾರದವಳು ಹೇಳಿದ ಮಾತು ಅದು. ಮಿಡಿಗೇಶಿಯಲ್ಲಿರುವ ಅವಳ ತಂಗಿಯ ಮನೆಯಿಂದ ಮಧುಗಿರಿಗೆ ವಾಪಸಾಗುತ್ತಿದ್ದೆವು.

"ಏನೋ ಕುಂಯ್ ಅಂತೈತೆ ಕಣ್ರೀ, ನಾಯಿಮರಿ ಅಳೋ ಅಂಗೆ."

"ನಿನ್ ತಲೆ ಕುಂಯ್ ಅಂತೈತೆ. ಸುಮ್ಕೆ ಕೂತ್ಕ," ಎಂದೆ.

ಕಾರಿಗೆ ಇಪ್ಪತ್ತು ದಾಟಿದೆ. ಬಾನೆಟ್ಟಿನ ಬಣ್ಣ ಎದ್ದುಹೋಗಿದೆ, ಹಿಂದಿನ ಒಂದು ಗಾಜು ಪೂರ್ತಿ ಇಳಿಯುವುದಿಲ್ಲ. ಆದರೆ ಗೇರು ಹಾಕಲು ಬರುವವನ ಕೈಗೆ ಅದು ಇವತ್ತಿಗೂ ಬೆಣ್ಣೆ. ಈಗಿನವರ ಕಾರುಗಳು ಗೇರನ್ನು ತಾವೇ ಬದಲಿಸಿಕೊಳ್ಳುತ್ತವಂತೆ. ಅಂಥದರಲ್ಲಿ ಕೂತು ಡ್ರೈವರ್ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅವರೂ ಪ್ಯಾಸೆಂಜರುಗಳೇ, ಮುಂದಿನ ಸೀಟು ಸಿಕ್ಕಿದೆ ಅಷ್ಟೆ.

ಗೇರ್‌ಬಾಕ್ಸಿನ ಸದ್ದು ಹಿಡಿಯುವ ವಿದ್ಯೆ ದೊಡ್ಡದೇನಲ್ಲ, ಆದರೆ ಕಿವಿ ಬೇಕು. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಾಗ ಸದ್ದು ಬಂದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಸವೆದಿದೆ. ಕ್ಲಚ್ ಒತ್ತಿದಾಗಲೇ ಶುರುವಾದರೆ ಅದು ಕ್ಲಚ್ಚಿನ ಬೇರಿಂಗ್. ಯಾವುದೋ ಒಂದು ಗೇರಿನಲ್ಲಿ ಮಾತ್ರ ಕಿರುಗುಟ್ಟಿದರೆ ಆ ಗೇರಿನ ಹಲ್ಲು ಹೋಗಿದೆ. ನಾನು ಓಡಿಸಿದ ಬಸ್ಸುಗಳಲ್ಲಿ ಎಂಜಿನ್ ಇರುತ್ತಿದ್ದದ್ದು ಡ್ರೈವರ್ ಸೀಟಿನ ಮಗ್ಗುಲಲ್ಲೇ. ಅದರ ಅಬ್ಬರದ ನಡುವೆಯೂ ಒಂದು ನಟ್ಟು ಸಡಿಲಾದರೆ ಹೇಳಿಬಿಡುತ್ತಿದ್ದೆ. ಅಂಥವನಿಗೆ ಇವಳ ನಾಯಿಮರಿ!

ಆ ವರ್ಷ ನನ್ನ ಸುತ್ತ ಎಲ್ಲವೂ ಕೆಟ್ಟುಹೋಗಿತ್ತು ಎಂಬುದನ್ನೂ ಹೇಳಬೇಕು. ಹೊಸದಾಗಿ ತಂದ ಕುಕ್ಕರಿನ ವಿಷಲ್ ಸರಿಯಿರಲಿಲ್ಲ. ಮೂರು ಕೂಗಿದರೆ ಒಲೆ ಆರಿಸಿ ಎಂದು ಹೇಳಿ ಅವಳು ಹಿತ್ತಲಿಗೆ ಹೋದಾಗ ಬೇಳೆ ತಳ ಹತ್ತಿತು. ಮೊಬೈಲು ರಿಂಗಾಗದೆ ಕೂತಿರುತ್ತಿತ್ತು, ಆಮೇಲೆ ನೋಡಿದರೆ ಆರು ಮಿಸ್ಡ್ ಕಾಲ್. ರಸ್ತೆಯಲ್ಲಿ ಹಾರ್ನ್ ಹೊಡೆಯುವ ಮರ್ಯಾದೆಯೇ ಯಾರಿಗೂ ಇಲ್ಲ. ಹಿಂದಿನಿಂದ ಬೈಕುಗಳು ದೆವ್ವದ ಹಾಗೆ ಬಂದು ಮಗ್ಗುಲಲ್ಲೇ ನುಗ್ಗುತ್ತಿದ್ದವು. ಇಂಥ ನಾಲಾಯಕ್ಕುಗಳಿಗೆಲ್ಲ ಲೈಸೆನ್ಸ್ ಕೊಟ್ಟವರನ್ನು ನಾನು ದಾರಿಯುದ್ದಕ್ಕೂ ಬೈಯುತ್ತಿದ್ದೆ. ಹೆಂಡತಿ ಬಾಗಿಲಿನ ಹಿಡಿ ಹಿಡಿದು ಸುಮ್ಮನೆ ಕೂತಿರುತ್ತಿದ್ದಳು.

ಒಂದು ಸಲ ಆಂಧ್ರ ಗಡಿಯ ಹತ್ತಿರದ ಬಲಸಮುದ್ರಕ್ಕೆ ಹೋಗಿದ್ದೆವು. ಅವಳ ತಮ್ಮ ಅಲ್ಲಿ ಸೋಲಾರ್ ಪಾರ್ಕಿನಲ್ಲಿ ವಾಚ್‌ಮನ್. ಫಲಕಗಳ ಧೂಳು ನೋಡಿಕೊಂಡು ಕೂರುವವನು. ಕಾರು ಮನೆಯ ಮುಂದೆ ನಿಲ್ಲುವ ಮೊದಲೇ ಓಡಿಬಂದ.

"ಏಂದಿ ಬಾವಾ, ಕಾರು ಇಂಗೆ ಕುಂಯ್‌ಗುಡ್ತೈತೆ ಕದಾ! ದಾರೀಲಿ ಕೈ ಕೊಡ್ತದೆ ನೋಡಿ."

"ನಿನಗೆ ಬಿಸಿಲು ಕಾಯೋ ಕೆಲ್ಸ, ಅದನ್ ನೋಡ್ಕ," ಎಂದೆ. ಅಕ್ಕತಮ್ಮ ಮುಖ ಮುಖ ನೋಡಿಕೊಂಡರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಊರಿಗೆ ಬಂದ ಮೇಲೆ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ಆ ಸದ್ದು ನಿಲ್ಲೋಗಂಟ ನಾನು ನಿಮ್ ಕಾರು ಹತ್ತಾಕಿಲ್ಲ."

ಮುಂದಿನ ಸೋಮವಾರ ತಂಗಿಯನ್ನು ನೋಡಲು ಮಿಡಿಗೇಶಿಗೆ ಬಸ್ಸಿನಲ್ಲೇ ಹೋದಳು. ಅದರ ಮುಂದಿನ ಸೋಮವಾರವೂ ಹಾಗೆಯೇ. ಮನೆ ಬಾಗಿಲಲ್ಲಿ ಕಾರು, ಮನೆಯೊಳಗೆ ಡ್ರೈವರ್, ಹೆಂಡತಿ ಮಾತ್ರ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿದ್ದಾಳೆ. ನನ್ನನ್ನು ಬಲ್ಲ ಕಂಡಕ್ಟರುಗಳೆಲ್ಲ ನೋಡುತ್ತಿದ್ದರು. ಜೀವಮಾನದಲ್ಲಿ ಅಷ್ಟು ಅವಮಾನ ನನಗೆ ಯಾರೂ ಮಾಡಿರಲಿಲ್ಲ.

ಸದ್ದೇ ಇಲ್ಲ ಎಂದು ಸಾಬೀತು ಮಾಡಲು ಕಾರನ್ನು ಕೊರಟಗೆರೆಗೆ ಒಯ್ದೆ. ಅಲ್ಲಿನ ಗ್ಯಾರೇಜಿನವನು ಕಪ್ಪು ಕನ್ನಡಕ ಏರಿಸಿಕೊಂಡು, ಕೈಗೆ ಗ್ರೀಸು ತಾಗಿಸಿಕೊಳ್ಳದೆ, ನಿಂತಲ್ಲಿಂದಲೇ ತೀರ್ಪು ಕೊಟ್ಟ: "ಗೇರ್‌ಬಾಕ್ಸ್ ಓಯ್ತು ಯಜಮಾನ್ರೇ. ಕಾರು ಗುಜರಿಗೆ ಆಕ್ಬುಡಿ." ಬಾನೆಟ್ಟನ್ನೂ ಎತ್ತದೆ ಹೇಳಿದ. ನಾಡಿ ಹಿಡಿಯದೆ ಔಷಧಿ ಬರೆಯುವ ಡಾಕ್ಟರನ ಮಾತಿಗೆ ಎಷ್ಟು ಬೆಲೆಯೋ ಇವನ ಮಾತಿಗೂ ಅಷ್ಟೇ. ಉಗಿದು ಬಂದೆ.

ಇಷ್ಟು ಹೊತ್ತಿಗೆ ನನಗೆ ಒಬ್ಬ ಮುದುಕ ನೆನಪಾಗಬೇಕಿತ್ತು. ಆಗಲಿಲ್ಲ. ಹುಲಿಕುಂಟೆಯವನು, ನಮ್ಮ ಮಾಲೀಕರ ಬಸ್ಸುಗಳಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರ್. ಕೊನೆಕೊನೆಗೆ ಅವನಿಗೆ ಕಂಡಕ್ಟರನ ಸೀಟಿ ಕೇಳುತ್ತಿರಲಿಲ್ಲ. ಒಂದು ದಿನ ಇಳಿಯುತ್ತಿದ್ದ ಹೆಂಗಸೊಬ್ಬಳು ಬಿದ್ದು ಮೊಣಕಾಲು ತರಚಿಕೊಂಡಳು. ಮಾಲೀಕರ ಮುಂದೆ ನಿಂತು ಮುದುಕ ಬೇಡಿಕೊಂಡ: "ಸೀಟಿ ಬ್ಯಾಡಿ ಸೋಮಿ. ಬಸ್ಸಿನ ತಗಡಿಗೆ ಬಡೀಲಿ. ನಿಲ್ಸಾಕೆ ಒಂದೇಟು, ಹೊರಡಾಕೆ ಎರಡೇಟು. ನಂಗೆ ಮೈಗೆ ಗೊತ್ತಾಯ್ತದೆ." ಮಾಲೀಕರು ಯೋಚಿಸುತ್ತಿದ್ದರು. ಆಗ ನಾನು ಎಲ್ಲರಿಗೂ ಕೇಳುವ ಹಾಗೆ, "ಇದೇನು ಬಸ್ಸೋ, ತಮಟೆಯೋ?" ಎಂದೆ. ನಿಂತವರೆಲ್ಲ ನಕ್ಕರು. ಮಾಲೀಕರೂ ನಕ್ಕರು. ಮುದುಕನನ್ನು ಅವತ್ತೇ ಮನೆಗೆ ಕಳಿಸಿದರು. ಅವನ ಪಾವಗಡ ರೂಟು ನನಗೆ ಬಂತು. ಮನೆಗೆ ಬಂದು ಆ ತಮಟೆಯ ಮಾತನ್ನು ಹೆಂಡತಿಗೂ ಹೇಳಿ ನಕ್ಕಿದ್ದೆ. ಅವಳು ನಗಲಿಲ್ಲ.

ಕೊನೆಗೆ ಶಿರಾಕ್ಕೆ ಹೋದೆ. ಅಲ್ಲಿನ ಸಾಬರು ಗೇರ್‌ಬಾಕ್ಸ್ ಕೆಲಸದಲ್ಲಿ ಹಳಬರು. ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಮರ್ಯಾದೆ ಕೊಡುವ ಮೆಕ್ಯಾನಿಕ್ ಅವರೊಬ್ಬರೇ. ಅವರ ಬಾಯಿಂದಲೇ ಸದ್ದಿಲ್ಲ ಎಂದು ಹೇಳಿಸಿ, ಅದನ್ನು ಹೆಂಡತಿ ಕೇಳಬೇಕೆಂದು ಅವಳನ್ನೂ ಹಟ ಮಾಡಿ ಹತ್ತಿಸಿಕೊಂಡು ಹೋಗಿದ್ದೆ. ಎಂಜಿನ್ ಚಾಲೂ ಇರುವಾಗಲೇ ಸಾಬರು ಹತ್ತಿರ ಬಂದು ತಲೆ ವಾಲಿಸಿದರು.

"ಆವಾಜ್ ಜೋರಾಗೇ ಐತೆ ಡ್ರೈವರ್ ಸಾಬ್. ನಿಮಗೆ ಗೊತ್ತಾಗಿರ್ಬೇಕಲ್ಲ?"

ಅವರ ಮುಂದೆ ಇಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಗೊತ್ತಿಲ್ದೆ ಏನು, ಅದಕ್ಕೇ ತಂದಿದ್ದು," ಎಂದುಬಿಟ್ಟೆ. ಹೆಂಡತಿ ನನ್ನ ಮುಖ ನೋಡಿದಳು.

ಸಾಬರು ಕಾರನ್ನು, ಗಾಡಿಯ ಅಡಿಭಾಗ ನೋಡಲೆಂದು ತೋಡಿದ್ದ ಗುಂಡಿಯ ಮೇಲೆ ನಿಲ್ಲಿಸಿದರು. ಉದ್ದನೆಯ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಕಿವಿ ನನಗಿಂತ ಪಕ್ಕಾ. ನೀವೇ ನೋಡಿ ಹೇಳಿ," ಎಂದರು. ಗೌರವದಿಂದಲೇ ಹೇಳಿದರು. ಗುಂಡಿಗಿಳಿದು, ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. ಮೇಲೆ ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎಡಗಡೆಯ ಪೆಡಲ್ ತೋರಿಸಿ, ತಾವು ಕೈ ಎತ್ತಿದಾಗ ಒತ್ತಲು ಸಾಬರು ಹೇಳಿದರು. ಅವಳು ಒತ್ತಿದಾಗ ಸದ್ದು ನಿಂತರೆ ನಾನು ಕೂಗಿ ಹೇಳಬೇಕು.

ನನಗೆ ಕೇಳಿಸಿದ್ದು ಎಂಜಿನ್ನಿನ ಗುರುಗುರು ಮಾತ್ರ. ಕಿವಿ ಬದಲಿಸಿದೆ. ಅದೇ ಗುರುಗುರು. ಆದರೆ ಹಿಡಿದ ಕೈಗೆ ಸಣ್ಣಗೆ, ಬಿಡದೆ, ನಡುಕ ತಾಗುತ್ತಿತ್ತು. ಅಂಥ ನಡುಕ ಸದ್ದಿಲ್ಲದೆ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಹೆದರಿದೆ, ಹೆದರಿದ್ದು ಯಾರಿಗೂ ಕಾಣಬಾರದೆಂದು ಇನ್ನೂ ಹೆದರಿದೆ. ಇಷ್ಟು ಹೊತ್ತಿಗೆ ಒತ್ತಿರುತ್ತಾಳೆ ಎಂದು ಅಂದಾಜು ಮಾಡಿ, ಹಳೆಯ ಗತ್ತಿನಲ್ಲೇ ಕೂಗಿದೆ: "ನಿಂತ್ತು! ಕ್ಲಚ್ ಒತ್ತಿದ್ ತಕ್ಷಣ ನಿಂತ್ತು! ಮುಂದಿನ ಬೇರಿಂಗೇ!"

ಹೆಂಡತಿ ಬಾಗಿಲಿನಿಂದ ಗುಂಡಿಯತ್ತ ಬಗ್ಗಿದಳು.

"ನಾನಿನ್ನೂ ಕಾಲೇ ಇಟ್ಟಿಲ್ಲ ಕಣ್ರೀ."

ಸಾಬರು ಗುಂಡಿಗಿಳಿದು ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ತಾವೇ ಕೇಳಿದರು. ನಾನು ಹೇಳಿದ್ದು ಸರಿಯಾಗಿತ್ತು, ಹೋಗಿದ್ದು ಮುಂದಿನ ಬೇರಿಂಗೇ. ಆದರೆ ಅದು ಕೇಳಿ ಹೇಳಿದ್ದಲ್ಲ. ಕೊರಟಗೆರೆಯವನು ನಿಂತಲ್ಲಿಂದ ತೀರ್ಪು ಕೊಟ್ಟ, ನಾನು ಗುಂಡಿಯೊಳಗಿಂದ ಕೊಟ್ಟೆ. ವ್ಯತ್ಯಾಸ ಅಷ್ಟೇ. ಅವನಿಗೆ ಕಿವಿಯಾದರೂ ಇತ್ತು.

ಎರಡು ದಿನ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಹೋಗಿ ಕಾರು ಬಿಡಿಸಿಕೊಂಡೆವು. ಸದ್ದು ಹೋಗಿದೆಯೇ ಎಂದು ನಾನು ಕೇಳಲಿಲ್ಲ. ಕೀ ತೆಗೆದು ಅವಳ ಕೈಗಿಟ್ಟು, "ನಡಿ, ಬಸ್ಸಲ್ಲೇ ಹೋಗಾನ. ಕಾರನ್ನ ಯಾರಾದ್ರೂ ತರ್ತಾರೆ," ಎಂದೆ. ಅವಳು ಕೀಯನ್ನು ನನ್ನ ಜೇಬಿಗೆ ತುರುಕಿ, ತಾನೇ ಮುಂದಿನ ಬಾಗಿಲು ತೆಗೆದು ಕೂತಳು.

ಗ್ಯಾರೇಜಿನಿಂದ ರಸ್ತೆಗೆ ತಿರುಗಿಸುತ್ತಿದ್ದೆ. ಅವಳು ಅಂಗೈಯಿಂದ ಡ್ಯಾಶ್‌ಬೋರ್ಡಿಗೆ ಒಂದೇಟು ಬಡಿದಳು. ಬ್ರೇಕ್ ಒತ್ತಿದೆ. ನನ್ನ ಬಲಕ್ಕೆ ಲಾರಿಯೊಂದು ಉಜ್ಜಿಕೊಂಡ ಹಾಗೆ ಹೋಯಿತು. ಅದರ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ನನ್ನನ್ನು ಬೈಯುತ್ತಿದ್ದ. ಹಾರ್ನ್ ಹೊಡೆದೇ ಬಂದಿರಬೇಕು. ಎಲ್ಲರೂ ಹೊಡೆದೇ ಬರುತ್ತಿದ್ದರು.

ಬಡಿಯುವುದನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ. ಒಂದು ಸಂಜೆ, ಮುದುಕನೊಬ್ಬನನ್ನು ಆಡಿಕೊಂಡು ನಗುತ್ತಾ ಹೇಳಿದ್ದೆ, ಅಷ್ಟೇ.

ರಸ್ತೆ ಖಾಲಿಯಾಯಿತು. ಅವಳು ಎರಡೇಟು ಬಡಿದಳು. ಮೈಗೆ ಗೊತ್ತಾಯಿತು. ಗೇರು ಹಾಕಿ ಹೊರಟೆ.