ದೊಡ್ಡಹನುಮಯ್ಯನವರ ಕುಣಿತಕ್ಕೆ ಬಿದ್ದ ಬೀಗ

ಮಲ್ಲತ್ತಹಳ್ಳಿಯ ದೊಡ್ಡಹನುಮಯ್ಯನವರಿಗೆ ಬೀಗ ಜಡಿಯುವುದೆಂದರೆ ಉಸಿರಾಡಿದಷ್ಟೇ ಸಹಜ. ಗೇಟಿಗೆ, ಸ್ಕೂಟರಿಗೆ, ನೀರಿನ ಟ್ಯಾಂಕಿಗೆ, ಕೊನೆಗೆ ಬೀಗಗಳನ್ನಿಡುವ ಪೆಟ್ಟಿಗೆಗೂ ಒಂದು ಬೀಗ. ಬಾಗಿಲೊಂದು ಇದ್ದಿದ್ದರೆ ಊರ ಕೆರೆಗೂ ಜಡಿದು ಬರುತ್ತಿದ್ದರು. ಬಾಯಿಗಂತೂ ಹುಟ್ಟುವಾಗಲೇ ಹಾಕಿಕೊಂಡು ಬಂದಿದ್ದರು. ಅವರ ಹಲ್ಲು ಕಂಡವನು ಹಲ್ಲಿನ ಡಾಕ್ಟರೊಬ್ಬನೇ. ಬಡಾವಣೆ ಸಂಘದ ಈ ಅಧ್ಯಕ್ಷರು ಕೆಮ್ಮಿದರೆ ಅತ್ತ ಉಲ್ಲಾಳದಲ್ಲಿ ಬಸ್ಸು ಬ್ರೇಕ್ ಹಾಕುತ್ತಿತ್ತು. ಗಣೇಶನ ಮೆರವಣಿಗೆಯಲ್ಲಿ ತಮಟೆ, ಕುಣಿತ ಎರಡನ್ನೂ ನಿಲ್ಲಿಸಿದವರು ಇವರೇ.

ಅಂಥವರ ಕಿವಿಗೆ ಮಗ ಶಶಿಕುಮಾರನ ಮದುವೆಯಲ್ಲಿ ತಮಟೆಯ ಸದ್ದು ಬಿತ್ತು. ಅಧ್ಯಕ್ಷರ ಕಾಲು ಅಧ್ಯಕ್ಷರ ಮಾತನ್ನೇ ಕೇಳಲಿಲ್ಲ. ಪಂಚೆ ಎತ್ತಿ ಕಟ್ಟಿ ಕುಣಿದರು ನೋಡಿ, ಎದ್ದ ಧೂಳಿಗೆ ಅಂದು ಸೂರ್ಯ ಬೇಗ ಮುಳುಗಿದ. ಶಶಿಕುಮಾರ ಆ ವಿಡಿಯೋವನ್ನು ಮದುವೆಗೆಂದೇ ಮಾಡಿದ್ದ ವೆಬ್‌ಸೈಟಿಗೆ ಹಾಕಿಬಿಟ್ಟ.

"ಕಿತ್ತಾಕೋ ಅದನ್ನ," ಎಂದರು ದೊಡ್ಡಹನುಮಯ್ಯ. "ಏರಿಯಾ ಹುಡುಗ್ರು ನೋಡಿದ್ರೆ ನನ್ನ ಮಾತಿಗೆ ಮೂರ್ಕಾಸಿನ ಬೆಲೆ ಇರಲ್ಲ."

"ಕೀಳ್ಬೇಡ ಕಣೋ," ಎಂದರು ಹೆಂಡತಿ ಇಂದ್ರಮ್ಮ. "ಇವ್ರು ನಕ್ಕಿದ್ದು ನಾನು ನೋಡಿರೋದು ಅದೊಂದರಲ್ಲೇ."

ಕೊನೆಗೆ ರಾಜಿಯಾಯಿತು. ಶಶಿಕುಮಾರ ಆ ಒಂದು ಪುಟಕ್ಕೆ ಪಾಸ್‌ವರ್ಡ್ ಹಾಕಿದ. "ಇದೂ ಬೀಗಾನೇ ಅಪ್ಪ. ಪಾಸ್‌ವರ್ಡೇ ಕೀ."

ಕೀ ಎಂದ ಮೇಲೆ ಅದನ್ನು ಏನು ಮಾಡಬೇಕೆಂದು ದೊಡ್ಡಹನುಮಯ್ಯನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಬೀದಿಯಲ್ಲಿ ಯಾರೇ ಬೀಗ ಹಾಕಿದರೂ ಒಂದು ಕೀಯನ್ನು ಎದುರುಮನೆ ಮುನಿಲಕ್ಷ್ಮಮ್ಮನ ಹತ್ತಿರ ಬಿಡುವುದು ರೂಢಿ. ಅವರ ಬಾಗಿಲ ಹಿಂದಿನ ಮೊಳೆಗಳಲ್ಲಿ ಇಡೀ ಬೀದಿಯೇ ನೇತಾಡುತ್ತಿತ್ತು. ಇವರೂ ಪಾಸ್‌ವರ್ಡನ್ನು ರಟ್ಟಿನ ಚೂರಿನ ಮೇಲೆ ಬರೆದರು. ಯಾವ ಬೀಗದ್ದೆಂದು ಗೊಂದಲವಾಗದಿರಲಿ ಎಂದು ಹಿಂಬದಿಯಲ್ಲಿ 'ಶಶಿ ಮದುವೆ ವೆಬ್‌ಸೈಟು, ನನ್ನ ಕುಣಿತ' ಎಂದೂ ಸೇರಿಸಿ, ಮನೆ ಕೀಯ ಜೊತೆ ದಾರ ಕಟ್ಟಿ ಕೊಟ್ಟರು.

ಗಣೇಶನ ಹಬ್ಬದ ಸಭೆ ಸೇರಿತು. ಅಧ್ಯಕ್ಷರು ಎದ್ದು, "ಈ ಸಲಾನೂ ತಮಟೆ ಇಲ್ಲ, ಕುಣಿತ ಇಲ್ಲ," ಎಂದರು. ಮುಂದಿನ ಸಾಲಿನ ಹುಡುಗರು ತುಟಿಪಿಟಕ್ಕೆನ್ನದೆ ಎಡಭುಜ ಒಮ್ಮೆ, ಬಲಭುಜ ಒಮ್ಮೆ ಕುಣಿಸಿದರು. ಥೇಟ್ ಅಧ್ಯಕ್ಷರ ಧಾಟಿ.

"ಆ ಸೊಂಟದ ತಿರುವು ಮಾತ್ರ ನಮಗೆ ಬರ್ತಿಲ್ಲ ಸಾರ್," ಎಂದ ಹುಡುಗರ ಮುಂದಾಳು ಸೀನ. "ಎಷ್ಟು ಸಲ ನೋಡಿದ್ರೂ ಬರ್ತಿಲ್ಲ."

ದೊಡ್ಡಹನುಮಯ್ಯನವರ ಕತ್ತು ನಿಧಾನವಾಗಿ ಮುನಿಲಕ್ಷ್ಮಮ್ಮನ ಕಡೆ ತಿರುಗಿತು.

"ನೀವು ಊರಲ್ಲಿರ್ಲಿಲ್ಲ, ನಿಮ್ಮ ಟ್ಯಾಂಕ್ ತುಂಬಿ ಸುರೀತಿತ್ತು," ಎಂದರು ಆಕೆ. "ಮೋಟ್ರು ಆಫ್ ಮಾಡಕ್ಕೆ ಸೀನ ಕೀ ಕೇಳ್ದ. ಗೊಂಚಲೇ ಕೊಟ್ಟೆ. ಕೇಳಿದ್ರೆ ಕೊಡ್ದೆ ಇರಕ್ಕಾಗತ್ತಾ?"

ಸೀನ ಎದ್ದು ನಿಂತು ಆ ತಿರುವನ್ನು ಇನ್ನೊಮ್ಮೆ ಪ್ರಯತ್ನಿಸಿ ಕುರ್ಚಿಗೆ ಡಿಕ್ಕಿ ಹೊಡೆದ. ಅಧ್ಯಕ್ಷರಿಗೆ ಮಾನ ಹೋದದ್ದನ್ನಾದರೂ ಸಹಿಸಬಹುದಿತ್ತು, ಇದನ್ನು ಸಹಿಸಲಾಗಲಿಲ್ಲ.

"ಥೂ, ಸೊಂಟ ಅಲ್ವೋ ತಿರುಗ್ಸೋದು, ಹಿಮ್ಮಡಿ," ಎಂದು ಪಂಚೆ ಎತ್ತಿ ಕಟ್ಟಿದರು. "ತಮಟೆಯೋರಿಗೆ ಹೇಳು, ತೋರಿಸ್ತೀನಿ."

"ಶಶಿ, ಫೋನ್ ತೆಗಿಯೋ," ಎಂದರು ಇಂದ್ರಮ್ಮ ಹಿಂದಿನ ಸಾಲಿನಿಂದ. "ಮತ್ತೆ ನಗ್ತಾ ಇದಾರೆ."